ಚೌಡಪ್ಪನವರ ಒಂದು ಓಟು

ಕಳೆದ ತಿಂಗಳು ಮಾಲೂರಿನ ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಮಗಳ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಲು ನಿಂತಿದ್ದೆ. ಹಾಳೆ ಯಂತ್ರದೊಳಗೆ ಹೋಗಿ ಆಚೆ ಬರುವಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಎದುರು ನನ್ನದೂ ಇಂಥದೇ ಒಂದು ಅಂಗಡಿ ಇತ್ತು. ಏಳು ವರ್ಷ ಆ ವಾಸನೆಯಲ್ಲೇ ಕೂತಿದ್ದೆ. ಆಗ ಅದು ಮೂಗಿಗೆ ಗೊತ್ತಾಗುತ್ತಲೇ ಇರಲಿಲ್ಲ. ಅವತ್ತು ಮಾತ್ರ ಅದರೆದುರು ನಿಲ್ಲಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮಗಳು ಗಾಬರಿಯಾಗಿ ನೀರು ತಂದಳು. ಬಿಸಿಲು ಅಂದೆ. ಬಿಸಿಲೇನೂ ಇರಲಿಲ್ಲ.

ನನ್ನ ಕಣ್ಣ ಮುಂದೆ ಬಂದದ್ದು ಒಂದು ಕಾರ್ಡು. ನಮ್ಮ ಪಕ್ಷ ಇಡೀ ದೇಶಕ್ಕೆ ತನ್ನ ಹೊಸ ಅಧ್ಯಕ್ಷರನ್ನು ಆರಿಸಿಕೊಂಡ ವರ್ಷ ಓಟು ಹಾಕಲು ದೆಹಲಿಯಿಂದ ನನಗೆ ಬಂದಿದ್ದ ಕಾರ್ಡು. ಮಾವಿನ ಮಂಡಿ ಮುಚ್ಚುವ ಹೊತ್ತಿಗೆ ಶುರುವಾಗಿ, ಕೆರೆಗಳು ಕೋಡಿ ಬಿದ್ದ ಮಳೆಯಲ್ಲಿ ಮುಗಿದ ನಾಲ್ಕು ತಿಂಗಳ ಮಾತು ಅದು. ಅದನ್ನು ಇವತ್ತಿನವರೆಗೆ ನಾನು ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ.

ರಾಜಕೀಯದ ಹೆಂಗಸು ನಾನಲ್ಲ. ಪಕ್ಷಕ್ಕೆ ಬಂದದ್ದು ಟೈಪಿಂಗ್ ಬರುತ್ತಿತ್ತು ಅನ್ನುವ ಒಂದೇ ಕಾರಣಕ್ಕೆ. ಬ್ಲಾಕ್ ಅಧ್ಯಕ್ಷ ಗೋಪಾಲಪ್ಪನವರ ಭಾವಮೈದುನನ ಕಟ್ಟಡದಲ್ಲಿ ನನ್ನ ಅಂಗಡಿ. ಸಭೆಯ ನೋಟಿಸು, ಸದಸ್ಯರ ಪಟ್ಟಿ, ಹುಟ್ಟುಹಬ್ಬದ ಶುಭಾಶಯದ ಬ್ಯಾನರು ಎಲ್ಲ ನನ್ನಲ್ಲಿಗೇ ಬರುತ್ತಿದ್ದವು. ಒಂದು ದಿನ ಗೋಪಾಲಪ್ಪ, ಹೇಗೂ ಎಲ್ಲ ನೀನೇ ಬರೀತೀಯ, ಮಹಿಳಾ ಘಟಕದ ಕಾರ್ಯದರ್ಶಿ ಅಂತ ನಿನ್ನ ಹೆಸರೇ ಹಾಕ್ಕೋ ಅಂದರು. ಹಾಕಿಕೊಂಡೆ. ನನ್ನ ಗಂಡ ಮಂಜುನಾಥನಿಗೆ ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದ್ದೂ ಅವರು ಒಂದು ಫೋನು ಮಾಡಿದ್ದರಿಂದಲೇ. ಪರ್ಮನೆಂಟಲ್ಲ, ಕಂಟ್ರಾಕ್ಟು, ವರ್ಷಕ್ಕೊಮ್ಮೆ ಅದು ಮುಂದುವರಿಯಬೇಕು, ಮುಂದುವರಿಯಬೇಕಾದರೆ ಫೋನು ಮತ್ತೆ ಹೋಗಬೇಕು. ಇದನ್ನು ಅವರು ಒಂದು ದಿನವೂ ಬಾಯಿಬಿಟ್ಟು ಆಡಿ ತೋರಿಸಿದವರಲ್ಲ. ಆಡುವ ಅಗತ್ಯವೂ ಇರಲಿಲ್ಲ.

ಪಕ್ಷದ ನಿಯಮ ಹೀಗಿತ್ತು. ಮೊದಲು ಸದಸ್ಯರನ್ನು ಮಾಡಬೇಕು. ಸದಸ್ಯರು ಬೂತು ಸಮಿತಿ, ಬೂತಿನವರು ಬ್ಲಾಕ್ ಸಮಿತಿ, ಬ್ಲಾಕಿನವರು ಒಬ್ಬ ಪ್ರತಿನಿಧಿಯನ್ನು ಆರಿಸಬೇಕು. ದೇಶದ ಎಲ್ಲ ಬ್ಲಾಕುಗಳ ಪ್ರತಿನಿಧಿಗಳು ಸೇರಿ ರಾಷ್ಟ್ರಾಧ್ಯಕ್ಷರನ್ನು ಆರಿಸಬೇಕು. ಕಾಗದದ ಮೇಲೆ ಇಷ್ಟು ಚೆನ್ನಾಗಿರುವುದು ನಡೆಯುವಾಗ ಒಂದೇ ಸಾಲಾಗುತ್ತಿತ್ತು. 'ಆಯ್ಕೆಯ ಸಂಪೂರ್ಣ ಅಧಿಕಾರವನ್ನು ವರಿಷ್ಠರಿಗೆ ಬಿಟ್ಟುಕೊಡಲು ಸಭೆಯು ಒಮ್ಮತದಿಂದ ತೀರ್ಮಾನಿಸಿತು.' ಆ ಸಾಲು ನನ್ನ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇತ್ತು. ತಾರೀಖು ಬದಲಿಸಿ ಪ್ರಿಂಟು ಕೊಡುತ್ತಿದ್ದೆ, ಅಷ್ಟೆ. ತಾಲ್ಲೂಕು ಅಧ್ಯಕ್ಷರಿಂದ ದೆಹಲಿಯ ಅಧ್ಯಕ್ಷರವರೆಗೆ ಎಲ್ಲರಿಗೂ ಅದೇ ಸಾಲು.

ಆ ಸಾಲನ್ನು ಕಂಡರೆ ಆಗದವರು ಒಬ್ಬರೇ ಇದ್ದರು. ಚೌಡಪ್ಪನವರು.

ಊರಿನವರು ಅವರನ್ನು ಮೈಕ್ ಚೌಡಪ್ಪ ಅನ್ನುತ್ತಿದ್ದರು. ಎಪ್ಪತ್ತು ದಾಟಿದ್ದರು. ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವರು; ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಮಾವಿನ ಕಾಲದಲ್ಲಿ ಮಂಡಿಯಲ್ಲಿ ಹರಾಜು ಕೂಗುವ ಕೆಲಸ, ಚುನಾವಣೆಯ ಕಾಲದಲ್ಲಿ ಪಕ್ಷದ ಜೀಪಿನಲ್ಲಿ ಕೂತು ಮೈಕಿನಲ್ಲಿ ಕೂಗುವ ಕೆಲಸ. ದನಿ ಗಂಟೆಯಂಥದು. ಅದರ ಬಗ್ಗೆ ಜಂಬವೂ ಅಷ್ಟೇ. ಬೇರೆ ಯಾರಾದರೂ ಮೈಕು ಹಿಡಿದರೆ ಅವತ್ತು ಊಟ ಮಾಡುತ್ತಿರಲಿಲ್ಲವಂತೆ. ಎಲೆಅಡಿಕೆ ಹಾಕಿ ನನ್ನ ಅಂಗಡಿಯ ಮೆಟ್ಟಿಲ ಪಕ್ಕದಲ್ಲೇ ಉಗಿಯುವರು; ನಾನು ಬೈದರೆ ಚೊಂಬಿನಲ್ಲಿ ನೀರು ತಂದು ತಾವೇ ತೊಳೆಯುವರು, ಮರುದಿನ ಮತ್ತೆ ಉಗಿಯುವರು. ಅವರ ದನಿಯನ್ನು ಒಂದೆರಡು ಸಲ ನನ್ನ ಅಂಗಡಿಯಲ್ಲೇ ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದ್ದೆ. ತಮ್ಮ ದನಿ ತಮಗೇ ಕೇಳಿದಾಗ ಅವರು ಕಣ್ಣು ಮುಚ್ಚಿಕೊಂಡು ತಲೆದೂಗಿದ್ದರು.

ಐವತ್ತು ವರ್ಷ ಪಕ್ಷಕ್ಕೆ ದುಡಿದವರು ಒಂದು ಸಲವೂ ಪಕ್ಷದೊಳಗೆ ಓಟು ಹಾಕಿರಲಿಲ್ಲ. ಊರಿಗೆಲ್ಲ ಓಟು ಹಾಕಿ ಅಂತ ಕೂಗುವವನು ನಾನು, ನಮ್ಮ ಮನೆಯೊಳಗೇ ಓಟಿಲ್ಲ ಅನ್ನುತ್ತಿದ್ದರು. ಪ್ರತಿ ಸಭೆಯಲ್ಲೂ ಆ ಒಂದು ಸಾಲನ್ನು ಓದಿದ ಕೂಡಲೇ ಎದ್ದು ನಿಂತು, ನನ್ನದು ಒಮ್ಮತ ಇಲ್ಲ, ಬರ್ಕೊಳ್ಳಿ ಅನ್ನುವರು. ಎಲ್ಲರೂ ನಗುವರು. ನಾನು ಬರೆದುಕೊಳ್ಳುತ್ತಿರಲಿಲ್ಲ.

ಆ ವರ್ಷ ನೀಲಂ ಮಾವಿನಕಾಯಿಯ ಕೊನೆಯ ಲೋಡುಗಳು ಚಿತ್ತೂರಿನ ಕಡೆ ಹೋಗಿ, ಮಂಡಿಯಲ್ಲಿ ಕೊಳೆತ ಹಣ್ಣಿನ ಹುಳಿ ವಾಸನೆ ಮಾತ್ರ ಉಳಿದಿದ್ದ ದಿನಗಳಲ್ಲಿ ಬ್ಲಾಕ್ ಸಭೆ ಸೇರಿತು. ಪ್ರತಿನಿಧಿ ಯಾರಾಗಬೇಕು ಅಂದಾಗ ಯಾರಿಗೂ ಆಸಕ್ತಿ ಇರಲಿಲ್ಲ. ಹೇಗೂ ದೆಹಲಿಯಲ್ಲಿ ಒಬ್ಬರೇ ನಿಲ್ಲುತ್ತಾರೆ, ಓಟೇ ನಡೆಯುವುದಿಲ್ಲ. ಚೌಡಪ್ಪನವರು ನಾನಾಗ್ತೀನಿ ಅಂದರು. ಆಗಲಿ ಬಿಡಿ, ಮುದುಕನಿಗೆ ಒಂದು ಸಮಾಧಾನ ಅಂದರು ಗೋಪಾಲಪ್ಪ. ಪಟ್ಟಿಯಲ್ಲಿ ಅವರ ಹೆಸರು ಟೈಪ್ ಮಾಡಿ ಕೋಲಾರಕ್ಕೆ ಕಳಿಸಿದೆ.

ಮೂರು ವಾರ ಕಳೆಯುವಷ್ಟರಲ್ಲಿ ಟಿವಿಯಲ್ಲಿ ಬೇರೆಯೇ ಸುದ್ದಿ ಬಂತು. ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ನಿಂತಿದ್ದರು. ಒಬ್ಬರು ದೆಹಲಿಯ ದೊಡ್ಡವರೆಲ್ಲ ಒಪ್ಪಿದ ಹಿರಿಯರು. ಇನ್ನೊಬ್ಬರು ದೂರದ ಗುಡ್ಡಗಾಡಿನ ರಾಜ್ಯದ ಒಬ್ಬ ವಯಸ್ಸಾದ ಹೆಂಗಸು. ಯಾರೂ ಹೇಳದೆ, ಯಾರನ್ನೂ ಕೇಳದೆ, ತಾವಾಗಿಯೇ ನಿಂತವರು. ಬಹಳ ವರ್ಷಗಳ ಮೇಲೆ ಮೊದಲ ಸಲ ನಿಜವಾಗಿ ಓಟು ನಡೆಯುವುದಿತ್ತು. ಓಟಿದ್ದದ್ದು ನಮ್ಮ ಚೌಡಪ್ಪನವರ ಕೈಯಲ್ಲಿ.

ಒಂದು ಬೆಳಿಗ್ಗೆ ಅವರು ಲಕೋಟೆಯೊಂದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಬಂದರು, ಪ್ರಸಾದ ಹಿಡಿದ ಹಾಗೆ. ಆ ಹೆಂಗಸು ದೇಶದ ಎಲ್ಲ ಪ್ರತಿನಿಧಿಗಳಿಗೂ ಬರೆದ ಇಂಗ್ಲಿಷ್ ಪತ್ರ ಅದು. ಮೇಲೆ ಚೌಡಪ್ಪನವರ ಹೆಸರು ಅಚ್ಚಾಗಿತ್ತು. ಹೆಸರಿನ ಮೇಲೆ ಬೆರಳಿಟ್ಟು, "ಇದಿ ನಾ ಪೇರೇ ಕದಾ, ಲಲಿತಮ್ಮಾ?" ಅಂದರು. ಹೌದಜ್ಜ, ನಿಮ್ಮ ಹೆಸರೇ ಅಂದೆ. ಐವತ್ತು ವರ್ಷದಲ್ಲಿ ಅವರ ಹೆಸರಿಗೆ ದೆಹಲಿಯಿಂದ ಬಂದ ಮೊದಲ ಕಾಗದ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ನಿಮ್ಮ ಬ್ಲಾಕಿನ ಅಧ್ಯಕ್ಷರನ್ನು ನೀವೇ ಆರಿಸಬೇಕು, ಟಿಕೆಟ್ ಯಾರಿಗೆ ಅಂತ ನಿಮ್ಮನ್ನು ಕೇಳಬೇಕು, ಆ ಒಂದು ಸಾಲಿನ ನಿರ್ಣಯ ನಿಲ್ಲಬೇಕು ಅಂತ ಅದರಲ್ಲಿತ್ತು. ಅಷ್ಟು ದೂರದ ಹೆಂಗಸಿಗೆ ನನ್ನ ಕಂಪ್ಯೂಟರಿನಲ್ಲಿದ್ದ ಸಾಲು ಹೇಗೆ ಗೊತ್ತಾಯಿತು ಅಂತ ನನಗೆ ಒಂದು ಕ್ಷಣ ಮೈ ಜುಂ ಅಂದಿತು. ಆಮೇಲೆ ಹೊಳೆಯಿತು, ಆ ಸಾಲು ಎಲ್ಲ ಊರಿನ ಕಂಪ್ಯೂಟರಿನಲ್ಲೂ ಇರಬೇಕು.

ಆಕೆ ಬೆಂಗಳೂರಿಗೂ ಬಂದರು. ಚೌಡಪ್ಪನವರಿಗೆ ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನು ಕರೆದರು. ಅಂಗಡಿ ಮುಚ್ಚಿ ಜೊತೆಗೆ ಹೋದೆ. ಸಭಾಂಗಣದಲ್ಲಿ ನೂರಾರು ಕುರ್ಚಿ ಹಾಕಿದ್ದರು. ಬಂದವರು ಹದಿನೈದು ಜನವೂ ಇರಲಿಲ್ಲ. ರಾಜ್ಯದ ನಾಯಕರೆಲ್ಲ ಆ ದಿನ ಊರಿನಲ್ಲಿರಲಿಲ್ಲ. ಆಕೆ ವೇದಿಕೆ ಹತ್ತದೆ ಕುರ್ಚಿಯೊಂದನ್ನು ಎಳೆದುಕೊಂಡು ನಮ್ಮ ನಡುವೆಯೇ ಕೂತರು. ಗಿಡ್ಡ ದೇಹ, ನರೆತ ಕೂದಲು, ಕಾಲಿಗೆ ಕ್ಯಾನ್ವಾಸ್ ಶೂ. ಒಬ್ಬೊಬ್ಬರನ್ನೂ ಊರು ಕೇಳಿದರು. ಚೌಡಪ್ಪನವರು ಎದ್ದು ನಿಂತು ತಮ್ಮ ಮೈಕಿನ ದನಿಯಲ್ಲಿ, ನೀವು ಗೆದ್ದರೆ ನಮ್ಮ ಬ್ಲಾಕ್ ಅಧ್ಯಕ್ಷನನ್ನು ಮಾಡುವವರು ಯಾರು ಅಂತ ಕೇಳಿದರು. ಒಬ್ಬ ಹುಡುಗಿ ಅದನ್ನು ಅನುವಾದಿಸಿದಳು. ಆಕೆ ಉತ್ತರ ಹೇಳದೆ ಬೆರಳನ್ನು ನೇರವಾಗಿ ಇವರ ಎದೆಯ ಕಡೆ ತೋರಿಸಿದರು.

ವಾಪಸು ಬರುತ್ತ ಚೌಡಪ್ಪನವರು ಕೋಲಾರದಲ್ಲಿ ಬಸ್ಸು ಬದಲಿಸುವಾಗ, ಆಯಮ್ಮ ಗೆಲ್ಲಲ್ಲ, ಅದು ನನಗೂ ಗೊತ್ತು ಅಂದರು. ಗೆಲ್ಲದವರಿಗೆ ಓಟು ಹಾಕಿದರೇನೇ ಅದು ನಮ್ಮ ಓಟು ಅಂತ ಗೊತ್ತಾಗುವುದು ಅಂತಲೂ ಅಂದರು.

ಆ ಹದಿನೈದು ಜನರ ಫೋಟೋ ಮರುದಿನ ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಚೌಡಪ್ಪನವರು ನಡುವೆ ನಿಂತಿದ್ದರು. ನನ್ನ ಅದೃಷ್ಟಕ್ಕೋ ದುರದೃಷ್ಟಕ್ಕೋ ನಾನು ಕಂಬದ ಹಿಂದಿದ್ದೆ, ನನ್ನ ಸೆರಗು ಮಾತ್ರ ಕಾಣುತ್ತಿತ್ತು.

ಗೋಪಾಲಪ್ಪ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಸಿಟ್ಟಿನಲ್ಲಿರಲಿಲ್ಲ. ಟೀ ತರಿಸಿ ನನಗೂ ಕೊಟ್ಟರು. ಮೇಲಿನಿಂದ ಫೋನ್ ಬಂದಿದೆ, ನಮ್ಮ ಜಿಲ್ಲೆಯಿಂದ ಒಂದು ಓಟೂ ಆಕಡೆ ಹೋಗಬಾರದು, ಪ್ರತಿನಿಧಿಗಳಲ್ಲಿ ಹೆಂಗಸರು ಕಡಿಮೆ ಅಂತ ಪಟ್ಟಿ ತಿದ್ದಲು ಒಂದು ದಿನ ಅವಕಾಶ ಕೊಟ್ಟಿದ್ದಾರೆ, ನಮ್ಮ ಬ್ಲಾಕಿನಿಂದ ನಿನ್ನ ಹೆಸರು ಹೋಗಲಿ ಅಂದರು. ಚೌಡಪ್ಪನವರಿಗೆ ಬೇಜಾರಾಗುತ್ತೆ ಅಣ್ಣ ಅಂದೆ. ಅಷ್ಟು ಮಾತ್ರ ಅಂದೆ. ಅವರು ಟೀ ಕುಡಿದು ಮುಗಿಸಿ, "ಮಂಜುನಾಥನ ಕಂಟ್ರಾಕ್ಟು ನವೆಂಬರಿಗಲ್ವೇನಮ್ಮ ಬರೋದು?" ಅಂದರು. ನಾನು ಹೌದು ಅಂದೆ. "ನೋಡಾಣ, ಹೇಳ್ತೀನಿ," ಅಂದು ಎದ್ದುಹೋದರು.

ಫೈಲು ತೆರೆದೆ. ಚೌಡಪ್ಪನವರ ಹೆಸರಿನ ಮೇಲೆ ಕರ್ಸರ್ ಇಟ್ಟು ಒಂದೊಂದೇ ಅಕ್ಷರ ಅಳಿಸಿದೆ. ಒಟ್ಟಿಗೆ ಅಳಿಸಬಹುದಿತ್ತು, ಯಾಕೋ ಕೈ ಬರಲಿಲ್ಲ. ಆ ಜಾಗದಲ್ಲಿ ನನ್ನ ಹೆಸರು ಟೈಪ್ ಮಾಡಿದೆ.

ಕಾರ್ಡು ಸೆಪ್ಟೆಂಬರಿನಲ್ಲಿ ಬಂತು. ಮಳೆ ಹಿಡಿದಿತ್ತು. ನನ್ನ ಫೋಟೋ ಇದ್ದ ದಪ್ಪ ಕಾಗದದ ಕಾರ್ಡು; ಒದ್ದೆಯಾಗದಿರಲಿ ಅಂತ ನನ್ನ ಯಂತ್ರದಲ್ಲೇ ಲ್ಯಾಮಿನೇಟ್ ಮಾಡುತ್ತಿದ್ದೆ. ಕಾರ್ಡು ಅರ್ಧ ಒಳಗೆ, ಅರ್ಧ ಹೊರಗೆ ಇದ್ದಾಗ ಚೌಡಪ್ಪನವರು ಕೊಡೆ ಮಡಚುತ್ತ ಒಳಗೆ ಬಂದರು. ಎಲ್ಲರಿಗೂ ಕಾರ್ಡು ಬಂದಿದೆಯಂತೆ, ತಮ್ಮದೆಲ್ಲಿ ಅಂತ ಕೇಳಿದರು. ಕಾರ್ಡು ತಾನಾಗಿಯೇ ಯಂತ್ರದಿಂದ ಆಚೆ ಬಂದು ಟೇಬಲಿನ ಮೇಲೆ ಬಿತ್ತು. ಅವರು ಅದನ್ನೆತ್ತಿ, ಬಿಸಿಯಿದ್ದದ್ದರಿಂದ ಕೈಯಿಂದ ಕೈಗೆ ಬದಲಿಸುತ್ತ, ನನ್ನ ಫೋಟೋ ನೋಡಿದರು. ನನ್ನನ್ನು ನೋಡಿದರು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಅಂಗಡಿಯೊಳಗೆಲ್ಲ ತುಂಬಿಕೊಂಡಿತ್ತು.

"ಟೈಪ್ ಮಾಡಿದ್ದು ನೀನೇನಾ?" ಅಂದರು.

"ಹೌದಜ್ಜ."

ಅವರು ಬೈಯುತ್ತಾರೆ ಅಂದುಕೊಂಡೆ. ಅವರ ಬೈಗುಳ ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂಥದು. ಅವರು ಬಾಗಿಲಿನ ಹೊರಗೆ ಮಳೆಯನ್ನು ನೋಡುತ್ತ ನಿಂತರು. ಎದುರಿನ ಚರಂಡಿ ತುಂಬಿ ರಸ್ತೆಯ ಮೇಲೆ ಹರಿಯುತ್ತಿತ್ತು. ಆಮೇಲೆ ಒಳಜೇಬಿನಿಂದ ಆ ಪತ್ರ ತೆಗೆದು ನನ್ನ ಮುಂದಿಟ್ಟರು.

"ಹೋಗ್ಲಿ ಬಿಡು. ಗಂಡ, ಮಗಳು ಇರೋಳು ನೀನು. ಕಾರ್ಡು ನಿಂದಾಗ್ಲಿ. ಓಟು ಮಾತ್ರ ನಂದು ಹಾಕಿಬಿಡು. ಆಯಮ್ಮಂಗೆ. ಹಾಕ್ತೀಯಾ?"

"ಹಾಕ್ತೀನಿ ಅಜ್ಜ," ಅಂದೆ. ಆ ಗಳಿಗೆಯಲ್ಲಿ ಅದು ಸುಳ್ಳಾಗಿರಲಿಲ್ಲ. ಹಾಕಬೇಕು ಅಂತಲೇ ಅಂದದ್ದು.

ಆ ಅಕ್ಟೋಬರಿನಂಥ ಮಳೆಯನ್ನು ನಮ್ಮ ಸೀಮೆ ಎಷ್ಟೋ ವರ್ಷ ಕಂಡಿರಲಿಲ್ಲ. ಜಾಲಿ ಬೆಳೆದು ಮೈದಾನವಾಗಿದ್ದ ಕೆರೆಗಳು ಕೋಡಿ ಬಿದ್ದವು. ಜನ ಬೈಕಿನಲ್ಲಿ ಹೋಗಿ ಕೋಡಿಯ ನೀರಿನಲ್ಲಿ ಕಾಲಿಟ್ಟು ಫೋಟೋ ತೆಗೆಸಿಕೊಂಡರು. ಓಟಿನ ದಿನ ಜಿಲ್ಲೆಯ ಪ್ರತಿನಿಧಿಗಳನ್ನೆಲ್ಲ ಒಂದೇ ಮಿನಿಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಮುಳಬಾಗಿಲಿನವರು ಬೆಳಿಗ್ಗೆಯೇ ಕೋಲಾರಕ್ಕೆ ಬಂದು ಕಾಯುತ್ತಿದ್ದರು. ದಾರಿಯಲ್ಲಿ ಇಡ್ಲಿ ಕೊಡಿಸಿದರು. ಮಳೆಯಿಂದ ಗಾಜು ಮಬ್ಬಾಗಿತ್ತು. ನರಸಾಪುರದ ಹತ್ತಿರ ಫ್ಯಾಕ್ಟರಿ ಬಸ್ಸುಗಳ ಸಾಲು ಎದುರಾದಾಗ ಗೋಪಾಲಪ್ಪ ಹಿಂದೆ ತಿರುಗಿ, ಎಲ್ಲರಿಗೂ ಅನ್ನುವ ಹಾಗೆ, ಬ್ಯಾಲೆಟ್ ಪೇಪರಿನ ಮೇಲೆ ನಂಬರಿರುತ್ತೆ, ಯಾರು ಯಾರಿಗೆ ಹಾಕಿದರು ಅಂತ ಅಲ್ಲಿ ಗೊತ್ತಾಗೇ ಆಗುತ್ತೆ ಅಂದರು. ಆ ಬಸ್ಸುಗಳಲ್ಲೊಂದರಲ್ಲಿ ನನ್ನ ಗಂಡ ರಾತ್ರಿ ಪಾಳಿ ಮುಗಿಸಿ ನಿದ್ದೆ ಮಾಡುತ್ತ ಬರುತ್ತಿದ್ದ.

ಪಕ್ಷದ ಕಚೇರಿಯಲ್ಲಿ ಸರದಿ. ಕಾರ್ಡು ನೋಡಿದರು, ಸಹಿ ಹಾಕಿಸಿಕೊಂಡರು, ಚೀಟಿ ಕೊಟ್ಟರು. ರಟ್ಟಿನ ಮರೆಯ ಹಿಂದೆ ಒಂದು ಟೇಬಲು, ದಾರ ಕಟ್ಟಿದ ಪೆನ್ನು. ಚೀಟಿಯಲ್ಲಿ ಎರಡು ಹೆಸರು, ಎರಡು ಚೌಕ. ನಾನು ಚೀಟಿಯನ್ನು ತಿರುಗಿಸಿ ನಂಬರು ಹುಡುಕಿದೆ. ಕಾಣಲಿಲ್ಲ. ಕಾಣದಿದ್ದದ್ದಕ್ಕೆ ಇನ್ನೂ ಹೆದರಿಕೆಯಾಯಿತು. ಎಲ್ಲೋ ಇರುತ್ತದೆ, ನನ್ನಂಥವಳಿಗೆ ಕಾಣುವ ಹಾಗೆ ಇಡುತ್ತಾರೆಯೇ ಅನ್ನಿಸಿತು. ಮೇಲೆ ನೋಡಿದೆ, ಕ್ಯಾಮೆರಾ ಇರಲಿಲ್ಲ. ಹಿಂದೆ ಯಾರೂ ಇರಲಿಲ್ಲ. ಇಡೀ ಜಗತ್ತಿನಲ್ಲಿ ಆ ಗಳಿಗೆ ನನ್ನನ್ನು ನೋಡುತ್ತಿದ್ದವರು ಒಬ್ಬರೂ ಇರಲಿಲ್ಲ. ಪೆನ್ನು ಆಕೆಯ ಹೆಸರಿನ ಮುಂದಿನ ಚೌಕದ ಮೇಲೆ ಒಂದು ಚುಕ್ಕೆಯಷ್ಟು ದೂರದಲ್ಲಿ ನಿಂತಿತ್ತು. ಆಮೇಲೆ ಕೈ ಮೇಲಕ್ಕೆ ಸರಿದು ಇನ್ನೊಂದು ಹೆಸರಿನ ಮುಂದೆ ಗುರುತು ಹಾಕಿತು. ಕೈ ಹಾಕಿತು ಅಂತ ಬರೆದೆ. ಹಾಕಿದವಳು ನಾನು.

ಆಚೆ ಬಂದಾಗ ಗೋಪಾಲಪ್ಪ ಏನೂ ಕೇಳಲಿಲ್ಲ. ನನ್ನ ಮುಖ ನೋಡಿ ತಲೆಯಾಡಿಸಿದರು. ಅಷ್ಟರಿಂದಲೇ ಅವರಿಗೆ ಗೊತ್ತಾಯಿತು.

ಎಣಿಕೆ ದೆಹಲಿಯಲ್ಲಿ. ಎಲ್ಲ ರಾಜ್ಯದ ಪೆಟ್ಟಿಗೆಗಳನ್ನೂ ಒಂದೇ ಕಡೆ ಸುರಿದು, ಯಾವ ಊರಿನ ಚೀಟಿ ಯಾವುದು ಅಂತ ದೇವರಿಗೂ ತಿಳಿಯದ ಹಾಗೆ ಕಲಸಿ, ಆಮೇಲೆ ಎಣಿಸುವುದನ್ನು ಟಿವಿಯಲ್ಲಿ ತೋರಿಸಿದರು. ನಂಬರೂ ಇರಲಿಲ್ಲ, ಏನೂ ಇರಲಿಲ್ಲ. ಅನ್ನದ ಪಾತ್ರೆ ಕೈಯಲ್ಲಿ ಹಿಡಿದುಕೊಂಡು ಟಿವಿಯ ಮುಂದೆ ನಿಂತೇ ಇದ್ದೆ.

ಹಿರಿಯರು ಭಾರಿ ಅಂತರದಲ್ಲಿ ಗೆದ್ದರು. ಆದರೆ ಯಾರೂ ಊಹಿಸದಷ್ಟು ಓಟು ಆ ಹೆಂಗಸಿಗೂ ಬಂದಿತ್ತು. ಅಂದು ಸಂಜೆ ಚೌಡಪ್ಪನವರು ಮಂಡಿಯಲ್ಲಿ ಎಲ್ಲರಿಗೂ ಬೂಂದಿ ಹಂಚಿದರು. ಗೆದ್ದವರ ಕಡೆಯವರು ಪಟಾಕಿ ಹೊಡೆಯುತ್ತಿದ್ದರೆ ಇವರು ಸೋತವರ ಬೂಂದಿ ಹಂಚುತ್ತಿದ್ದರು. ನನಗೂ ಒಂದು ಪೊಟ್ಟಣ ತಂದು ಟೇಬಲಿನ ಮೇಲಿಟ್ಟು, "ಅಷ್ಟರಾಗೆ ಒಂದು ನಂದು," ಅಂದರು. ಅವರ ಕಣ್ಣು ತುಂಬಿತ್ತು. ನಾನು ಬೂಂದಿ ಬಾಯಿಗೆ ಹಾಕಿಕೊಂಡೆ.

ಸುಮ್ಮನಿರುವ ಮನುಷ್ಯರಲ್ಲ ಅವರು. ಮಂಡಿ, ಟೀ ಅಂಗಡಿ, ಬಸ್ ಸ್ಟ್ಯಾಂಡು, ಎಲ್ಲ ಕಡೆ ಸಾರಿದರು: ಪಟ್ಟಿಯಿಂದ ಹೆಸರು ಹೊಡೆದುಹಾಕಿದರೂ ನನ್ನ ಓಟು ದೆಹಲಿಗೆ ಹೋಗಿ ಬಂತು ಅಂತ. ನಾಲ್ಕನೇ ದಿನ ಗೋಪಾಲಪ್ಪ ಇಬ್ಬರನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಬಂದರು. ಚೌಡಪ್ಪನವರು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು.

"ಈ ಮುದುಕಪ್ಪ ಊರೆಲ್ಲ ಹೇಳ್ಕೊಂಡು ತಿರುಗ್ತಾವ್ನೆ, ನಿನ್ನ ಕೈಲಿ ಆಯಮ್ಮಂಗೆ ಓಟು ಹಾಕಿಸ್ದೆ ಅಂತ. ನಿಜವೇನಮ್ಮ?"

ಚೌಡಪ್ಪನವರ ಕಡೆ ನೋಡಲಾಗಲಿಲ್ಲ. ಹೌದು ಅಂತ ಸುಳ್ಳು ಹೇಳಿದರೆ ಗಂಡನ ಕೆಲಸ ಹೋಗುತ್ತದೆ. ನಿಜ ಹೇಳಿದರೆ ಈ ಮನುಷ್ಯರ ಎದೆ ಒಡೆಯುತ್ತದೆ. ಆದರೆ ಹೇಳಬೇಕಾದದ್ದನ್ನು ಹೇಳಲು ಇದಕ್ಕಿಂತ ಬೇರೆ ಗಳಿಗೆ ಸಿಗುವುದಿಲ್ಲ ಅಂತಲೂ ಅನ್ನಿಸಿತು. ಹೇಳಿಬಿಟ್ಟೆ.

"ಇಲ್ಲಣ್ಣ. ನೀವು ಹೇಳಿದೋರಿಗೇ ಹಾಕ್ದೆ."

"ದೇವರಾಣೆಗೂ?"

"ದೇವರಾಣೆಗೂ."

ಗೋಪಾಲಪ್ಪ ಚೌಡಪ್ಪನವರನ್ನು ನೋಡಿ ನಕ್ಕರು. ಕೇಳಿಸ್ಕೊಂಡ್ಯಾ ಅಂದರು. ಚೌಡಪ್ಪನವರು ತಲೆ ಬಗ್ಗಿಸಿ ಕೂತಿದ್ದರು, ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾರೆ ಅಂದುಕೊಂಡೆ. ಗೋಪಾಲಪ್ಪನ ಕಾರು ಹೊರಟುಹೋದ ಮೇಲೆ ಅವರು ತಲೆಯೆತ್ತಿದರು. ಅವರು ನಗುತ್ತಿದ್ದರು.

"ಶಭಾಷ್," ಅಂದರು ಮೆಲ್ಲಗೆ. "ಏನ್ ಜಾಣೆನೇ ನೀನು. ಅವನ ಮುಖ ನೋಡ್ಕೊಂಡೇ ದೇವರಾಣೆ ಹಾಕ್ಬಿಟ್ಟೆ. ಆ ಪಾಪ ನಿಂಗೆ ಬೇಡಮ್ಮ, ನನ್ನ ಮೇಲಿರ್ಲಿ. ದೇವರ ಹತ್ರ ನಾನು ಮಾತಾಡ್ಕೊತೀನಿ."

"ಅಜ್ಜ, ಅಲ್ಲ, ನಾನು ಹೇಳಿದ್ದು..."

ಅವರು ತುಟಿಯ ಮೇಲೆ ಬೆರಳಿಟ್ಟರು. "ಗುಟ್ಟಿನ ಓಟು ಕಣಮ್ಮ ಅದು. ನನಗೂ ಹೇಳಬಾರದು. ನಾನೇ ತಪ್ಪು ಮಾಡ್ದೆ, ಊರೆಲ್ಲ ಕೂಗಿ ನಿನ್ನ ಸಿಕ್ಕಿಹಾಕಿಸ್ತಿದ್ದೆ. ಇನ್ನು ಬಾಯಿ ಬಿಡಲ್ಲ."

ಬಿಡಲಿಲ್ಲ ಕೂಡ. ಐವತ್ತು ವರ್ಷ ಕೂಗಿದ ಮನುಷ್ಯ ಆ ಒಂದು ವಿಷಯಕ್ಕೆ ಬಾಯಿ ಮುಚ್ಚಿಕೊಂಡರು. ನನ್ನನ್ನು ಕಂಡಾಗ ಮಾತ್ರ ಕಣ್ಣಿನಲ್ಲಿ ಒಂದು ನಗು. ಅವರೇಕಾಯಿ ಕಾಲ ಬಂತು. ತೋಟದ ಅವರೆ ಒಂದು ಚೀಲ ತಂದು ಅಂಗಡಿಯಲ್ಲಿಟ್ಟು ಹೋದರು. ನವೆಂಬರಿನಲ್ಲಿ ಮಂಜುನಾಥನ ಕಂಟ್ರಾಕ್ಟು ಮುಂದುವರಿಯಿತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಲೇ ಚಳಿಗಾಲ ಕಳೆಯಿತು. ಮಾವು ಹೂ ಬಿಟ್ಟಿದ್ದ ಒಂದು ಬೆಳಿಗ್ಗೆ ಚೌಡಪ್ಪನವರಿಗೆ ಎದೆನೋವು ಬಂದು, ಕೋಲಾರದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ತೀರಿಕೊಂಡರು. ಹೆಣದ ಮೇಲೆ ಪಕ್ಷದ ಬಾವುಟ ಹೊದಿಸಿದವರು ಗೋಪಾಲಪ್ಪ. ನಿಷ್ಠಾವಂತ ಕಾರ್ಯಕರ್ತ, ಪಕ್ಷದ ತೀರ್ಮಾನವನ್ನು ಎಂದೂ ಮೀರಿದವರಲ್ಲ ಅಂತ ಮಾತಾಡಿದರು. ನಾನು ಹೆಂಗಸರ ನಡುವೆ ನಿಂತಿದ್ದೆ.

ಮುಂದಿನ ವರ್ಷ ಸದಸ್ಯತ್ವದ ಫಾರಂ ತುಂಬಲಿಲ್ಲ. ಮಂಜುನಾಥನಿಗೆ ಮಾಲೂರಿನಲ್ಲಿ ಬೇರೆ ಕೆಲಸ ಸಿಕ್ಕಿತು, ಯಾರ ಫೋನೂ ಇಲ್ಲದೆ. ಅಂಗಡಿ ಮುಚ್ಚಿ ಇಲ್ಲಿಗೆ ಬಂದೆವು. ಇಟ್ಟಿಗೆ ಗೂಡುಗಳ ಹೊಗೆ, ಬೆಳಿಗ್ಗೆ ರೈಲಿಗೆ ಓಡುವ ಜನ, ಯಾರಿಗೂ ನನ್ನ ಪರಿಚಯವಿಲ್ಲ, ಹಗುರಾಯಿತು ಅಂದುಕೊಂಡೆ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ರಸ್ತೆಯ ತಿರುವಿನಿಂದ ಚೌಡಪ್ಪನವರ ದನಿ ಕೇಳಿಸಿತು. "ಮತದಾರ ಬಂಧುಗಳೇ, ಅಕ್ಕತಂಗಿಯರೇ, ನಿಮ್ಮ ಓಟು ನಿಮ್ಮದು, ಯಾರಿಗೂ ಹೆದರಬೇಡಿ." ಕೈಯಲ್ಲಿದ್ದ ಸೀರೆ ಮಣ್ಣಿಗೆ ಬಿತ್ತು. ಪಂಚಾಯಿತಿ ಚುನಾವಣೆಯ ಪ್ರಚಾರದ ಆಟೋ. ನಾನೇ ರೆಕಾರ್ಡ್ ಮಾಡಿದ್ದ ದನಿ. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹೋಗಿ, ಯಾವ ಅಭ್ಯರ್ಥಿಗಾದರೂ ಆಗುತ್ತದೆ ಅಂತ ಮೊದಲ ಎರಡು ಮಾತನ್ನು ಉಳಿಸಿಕೊಂಡು, ಮುಂದಕ್ಕೆ ಬೇರೆ ಯಾರದೋ ದನಿ ಸೇರಿಸಿದ್ದರು. ಒಂದು ವಾರ ಆ ಆಟೋ ನಮ್ಮ ಬೀದಿಯಲ್ಲಿ ದಿನಕ್ಕೆ ನಾಲ್ಕು ಸಲ ಓಡಾಡಿತು. ನಾನು ಮಧ್ಯಾಹ್ನ ಕಿಟಕಿ ಮುಚ್ಚಿಕೊಂಡು ಕೂತಿರುತ್ತಿದ್ದೆ. ದನಿ ಕಿಟಕಿಗೆ ನಿಲ್ಲುವಂಥದಲ್ಲ. ಈಗಲೂ ಒಮ್ಮೊಮ್ಮೆ ಕುಕ್ಕರ್ ಕೂಗುವಾಗ, ರೈಲು ಹೋಗುವಾಗ, ಅದರ ಒಳಗೆ ಆ ಎರಡು ಮಾತು ಇರುತ್ತವೆ.

ಲ್ಯಾಮಿನೇಷನ್ ಅಂಗಡಿಯ ಮೆಟ್ಟಿಲ ಮೇಲೆ ಕೂತ ದಿನವೇ ತೀರ್ಮಾನ ಮಾಡಿದೆ. ಅವರಿಗೆ ಹೇಳಲಾಗಲಿಲ್ಲ, ಅವರ ಹೆಂಡತಿಗಾದರೂ ಹೇಳಬೇಕು. ಭಾನುವಾರ ಹೊರಟೆ. ಶ್ರೀನಿವಾಸಪುರದಿಂದ ಆಟೋ ಹಿಡಿದು ಅವರ ಹಳ್ಳಿಗೆ ಹೋದೆ. ಮುನಿಯಮ್ಮನವರು ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಸೊಸೆ ಪಕ್ಕದಲ್ಲಿದ್ದಳು. ನನ್ನನ್ನು ಗುರುತು ಹಿಡಿದು ಕೈ ಹಿಡಿದುಕೊಂಡರು. ಇವಳೇ ಕಣೇ ನಿಮ್ಮ ಮಾವನ ಓಟು ಹಾಕಿದೋಳು ಅಂತ ಸೊಸೆಗೆ ಹೇಳಿದರು. ಮನೆಗೆ ಏನೂ ಮಾಡಲಿಲ್ಲ ಆ ಮನುಷ್ಯ, ಪಕ್ಷ ಪಕ್ಷ ಅಂತ ತಿರುಗಿದ, ಆ ಓಟು ಬಿದ್ದ ಮೇಲೆ ಮಾತ್ರ ನಾಲ್ಕು ತಿಂಗಳು ಮನೆಯಲ್ಲಿ ನೆಮ್ಮದಿಯಾಗಿ ಕೂತಿದ್ದ, ಮದುವೆಯಾದಂದಿನಿಂದ ಅಷ್ಟು ದಿನ ಒಟ್ಟಿಗೆ ಕೂತು ಉಂಡದ್ದೇ ಇಲ್ಲ ಅಂದರು.

ಊಟಕ್ಕೆ ಎಬ್ಬಿಸಿದರು. ಸೊಸೆ ಮುದ್ದೆ, ಸೊಪ್ಪಿನ ಸಾರು ಬಡಿಸಿ ಒಳಗೆ ಹೋದಳು. ಮುನಿಯಮ್ಮ ಎದುರಿಗೆ ಕೂತರು. ಕೈ ತಟ್ಟೆಗೆ ಹಾಕುವ ಮೊದಲೇ ಹೇಳಿದೆ.

"ಅಜ್ಜಿ, ಅವತ್ತು ನಾನು ಆಯಮ್ಮಂಗೆ ಓಟು ಹಾಕಲಿಲ್ಲ. ಹೆದರಿಕೊಂಡು ಇನ್ನೊಬ್ಬರಿಗೆ ಹಾಕ್ಬಿಟ್ಟೆ. ಅಜ್ಜನಿಗೆ ಮೋಸ ಮಾಡಿದೆ."

ಮುನಿಯಮ್ಮ ಬೊಚ್ಚು ಬಾಯಲ್ಲಿ ನಕ್ಕರು.

"ಹೇಳಿದ್ರು ಅವರು ನಂಗೆ. ಯಾರೇ ಕೇಳ್ಲಿ, ದೇವರ ಮೇಲೆ ಆಣೆ ಮಾಡಿಸ್ಲಿ, ಆ ಹುಡುಗಿ ಇಲ್ಲ ಅಂತಾನೇ ಅಂತಾಳೆ, ಅಷ್ಟು ನಿಯತ್ತು ಅವಳದು ಅಂತ. ನನ್ನ ಮುಂದೇನೂ ಬಿಟ್ಟುಕೊಡಲ್ವಲ್ಲೇ ನೀನು."

ಇನ್ನೊಂದು ಸಲ ಹೇಳಲು ಬಾಯಿ ತೆರೆದೆ. ಅವರು ಸಾರಿನ ಪಾತ್ರೆಯನ್ನು ಹತ್ತಿರಕ್ಕೆಳೆದುಕೊಂಡು, ಮುದ್ದೆ ಆರಿಹೋಗುತ್ತೆ, ಉಣ್ಣು ಅಂದರು. ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು.

ಉಂಡೆ.